ಜಪಾನ್ ಶರಣಾಗಲು ಅಣುಬಾಂಬ್ ಬೇಕೇ ಬೇಕಿತ್ತಾ?

ಓದುಗರ ಪ್ರಶ್ನೆ: ಅಣುಬಾಂಬ್ ಬೀಳದಿದ್ದರೆ ಜಪಾನ್ ಶರಣಾಗುತ್ತಲೇ ಇರಲಿಲ್ಲ, ಅಮೆರಿಕದ ಹತ್ತು ಲಕ್ಷ ಸೈನಿಕರು ಸಾಯುತ್ತಿದ್ದರು ಅಂತ ಶಾಲೆಯಲ್ಲಿ ಕಲಿತಿದ್ದೆವು. ಈಗ ನೋಡಿದರೆ ಎಷ್ಟೋ ಜನ ಉಲ್ಟಾ ಹೇಳುತ್ತಾರೆ. ಜಪಾನ್ ಮೊದಲೇ ಶರಣಾಗಲು ತಯಾರಿತ್ತಂತೆ, ರಷ್ಯಾವನ್ನು ಹೆದರಿಸಲು ಬಾಂಬ್ ಹಾಕಿದರಂತೆ. ಯಾವುದನ್ನು ನಂಬುವುದು? ಒಂದು ಬಾಂಬ್ ಬೇಕಿತ್ತು ಅಂತಲೇ ಇಟ್ಟುಕೊಳ್ಳೋಣ, ಮೂರೇ ದಿನಕ್ಕೆ ಎರಡನೆಯದು ಯಾಕೆ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಜಪಾನ್ 1945ರ ಬೇಸಿಗೆಗೆ ಮುಂಚೆಯೇ ಯುದ್ಧ ಸೋತಿತ್ತು. ಆದರೆ ಸೋಲು ಒಪ್ಪಿಕೊಳ್ಳಲು ಅಲ್ಲಿನ ಸೇನೆ ತಯಾರಿರಲಿಲ್ಲ. ಅದನ್ನು ಒಪ್ಪಿಸಲು ಒಂದು ದೊಡ್ಡ ಪೆಟ್ಟು ಬೇಕಿತ್ತು. ಆಗಸ್ಟ್‌ನಲ್ಲಿ ಬಿದ್ದ ಪೆಟ್ಟುಗಳು ಎರಡು: ಹಿರೋಶಿಮಾ ಮತ್ತು ರಷ್ಯಾದ ದಾಳಿ. ಎರಡೂ ಸೇರಿ ಆಗಸ್ಟ್ ಮಧ್ಯದೊಳಗೆ ಯುದ್ಧ ಮುಗಿಸಿದವು. ಬಾಂಬ್ ಇಲ್ಲದಿದ್ದರೂ ಯುದ್ಧ ಮುಗಿಯುತ್ತಿತ್ತು, ಬಹುಶಃ ಆ ವರ್ಷವೇ. ಆದರೆ ಆಗಸ್ಟ್ 15ಕ್ಕೆ ಮುಗಿಯುತ್ತಿತ್ತು ಅನ್ನಲು ನನಗೆ ಧೈರ್ಯವಿಲ್ಲ. ನಾಗಾಸಾಕಿಯ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

"ಜಪಾನ್ ತಯಾರಿತ್ತು", "ಜಪಾನ್ ತಯಾರಿರಲಿಲ್ಲ" ಅಂತ ಸುಮ್ನೆ ಒಂದು ದೇಶದ ಹೆಸರು ಹೇಳಿದರೆ ಈ ವಿಷಯ ಅರ್ಥವಾಗುವುದಿಲ್ಲ. ತೀರ್ಮಾನ ಇದ್ದದ್ದು ಆರು ಜನರ ಕೈಯಲ್ಲಿ. ಪ್ರಧಾನಿ ಸುಝುಕಿ, ವಿದೇಶಾಂಗ ಸಚಿವ ತೋಗೊ, ನೌಕಾ ಸಚಿವ ಯೊನಾಯ್, ಸೇನಾ ಸಚಿವ ಅನಾಮಿ, ಭೂಸೇನೆಯ ಮುಖ್ಯಸ್ಥ ಉಮೆಝು, ನೌಕಾಸೇನೆಯ ಮುಖ್ಯಸ್ಥ ತೊಯೊದಾ. ಇವರು ಯುದ್ಧದ ಅತ್ಯುನ್ನತ ಮಂಡಳಿ. ಇವರ ಮೇಲೆ ಚಕ್ರವರ್ತಿ ಹಿರೊಹಿತೊ. ಚಕ್ರವರ್ತಿ ಸಾಮಾನ್ಯವಾಗಿ ತಾನೇ ಮುಂದೆ ಬಂದು ಹೀಗೆ ಮಾಡಿ ಅನ್ನುತ್ತಿರಲಿಲ್ಲ. ಆರೂ ಜನ ಒಮ್ಮತಕ್ಕೆ ಬಂದು ತಂದದ್ದಕ್ಕೆ ಮುದ್ರೆ ಒತ್ತುವುದು ಪದ್ಧತಿ. ಅಂದರೆ ಒಬ್ಬ ಅಡ್ಡಗಾಲು ಹಾಕಿದರೂ ಗಾಡಿ ನಿಂತುಹೋಗುತ್ತಿತ್ತು. ಸೇನಾ ಸಚಿವ ರಾಜೀನಾಮೆ ಕೊಟ್ಟರಂತೂ ಸರ್ಕಾರವೇ ಬಿದ್ದುಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ದೇಶದ ಸ್ಥಿತಿ ಹೇಗಿತ್ತು ಅಂತ ಜಾಸ್ತಿ ವಿವರಿಸಬೇಕಿಲ್ಲ. ಮಾರ್ಚ್ 9-10ರ ಒಂದೇ ರಾತ್ರಿ ಟೋಕಿಯೊ ಮೇಲೆ ಬೆಂಕಿ ಬಾಂಬ್ ಸುರಿದು ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಆಗಸ್ಟ್ ಹೊತ್ತಿಗೆ 60ಕ್ಕೂ ಹೆಚ್ಚು ಊರುಗಳು ಸುಟ್ಟಿದ್ದವು. ಬಂದರುಗಳ ಬಾಯಿಗೆ ಅಮೆರಿಕದ ವಿಮಾನಗಳು ಸಿಡಿಗುಂಡು ಬಿತ್ತಿದ್ದವು, ಸಬ್‌ಮರೀನ್‌ಗಳು ಸರಕು ಹಡಗುಗಳನ್ನು ಮುಳುಗಿಸಿದ್ದವು. ಎಣ್ಣೆ ಇಲ್ಲ, ಕಲ್ಲಿದ್ದಲು ಇಲ್ಲ, ಅಕ್ಕಿ ಬರುತ್ತಿಲ್ಲ. ಮಿತ್ರ ಜರ್ಮನಿ ಮೇ ತಿಂಗಳಲ್ಲೇ ಶರಣಾಗಿತ್ತು. ಏಪ್ರಿಲ್ 1ರಂದು ಶುರುವಾದ ಒಕಿನಾವಾ ಕದನ ಜೂನ್ ಕೊನೆಗೆ ಮುಗಿಯಿತು. ಅಮೆರಿಕದ ಕಡೆ 12,000ಕ್ಕೂ ಹೆಚ್ಚು ಜನ ಸತ್ತರು. ಜಪಾನ್ ಕಡೆ ಸೈನಿಕರೂ ಊರಿನವರೂ ಸೇರಿ ಸತ್ತವರ ಲೆಕ್ಕ ಲಕ್ಷಗಳಲ್ಲಿ.

ಇಷ್ಟಾದರೂ ಜೂನ್ 8ರಂದು ಚಕ್ರವರ್ತಿಯ ಎದುರು ನಡೆದ ಸಭೆ ಕೊನೆಯವರೆಗೂ ಹೋರಾಡುವುದು ಅಂತಲೇ ತೀರ್ಮಾನಿಸಿತು. ಸೇನೆಯ ಲೆಕ್ಕಾಚಾರ ಇದು: ಅಮೆರಿಕ ಜಪಾನಿನ ದಕ್ಷಿಣ ತುದಿಯ ಕ್ಯೂಶೂ ದ್ವೀಪದಲ್ಲಿ ಇಳಿಯಲೇಬೇಕು. ಇಳಿದಾಗ ಒಂದು ಸಲ ಚೆನ್ನಾಗಿ ರಕ್ತ ಹರಿಸಿದರೆ ಅಮೆರಿಕದ ಜನಕ್ಕೆ ಸಾಕಾಗಿಹೋಗುತ್ತದೆ, ಆಗ ಒಳ್ಳೆಯ ಷರತ್ತಿನ ಮೇಲೆ ಸಂಧಿ ಮಾಡಿಕೊಳ್ಳಬಹುದು. ಸಾಯುವವರು ತಮ್ಮದೇ ಜನ ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ ಬಿಡಿ.

ಹಾಗಾದರೆ "ಮೊದಲೇ ಶರಣಾಗಲು ತಯಾರಿತ್ತು" ಅನ್ನುವ ಮಾತು ಎಲ್ಲಿಂದ ಬಂತು? ಮಾಸ್ಕೋಗೆ ಹೋದ ಕೆಲವು ತಂತಿಗಳಿಂದ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಎರಡೂ ಪಕ್ಷದವರು ಇದನ್ನೇ ಹಿಡಿದುಕೊಂಡು ಜಗಳವಾಡುತ್ತಾರೆ.

ರಷ್ಯಾ ಮತ್ತು ಜಪಾನ್ ನಡುವೆ 1941ರಿಂದ ತಟಸ್ಥ ಒಪ್ಪಂದ ಇತ್ತು. ಅದನ್ನು ಮುಂದುವರಿಸುವುದಿಲ್ಲ ಅಂತ ರಷ್ಯಾ 1945ರ ಏಪ್ರಿಲ್‌ನಲ್ಲಿ ಹೇಳಿತ್ತು, ಆದರೆ ಯುದ್ಧ ಸಾರಿರಲಿಲ್ಲ. ಸ್ಟಾಲಿನ್ ಮಧ್ಯಸ್ತಿಕೆ ವಹಿಸಿ ಸಂಧಿ ಮಾಡಿಸಲಿ ಅನ್ನುವುದು ಟೋಕಿಯೊದ ಆಸೆ. ಜುಲೈ ಮಧ್ಯದಲ್ಲಿ ತೋಗೊ ಮಾಸ್ಕೋದಲ್ಲಿದ್ದ ರಾಯಭಾರಿ ಸಾತೊ ಅವರಿಗೆ ತಂತಿ ಕಳಿಸಿದರು. ಯುದ್ಧ ಬೇಗ ನಿಲ್ಲಬೇಕು ಅನ್ನುವುದು ಚಕ್ರವರ್ತಿಯ ಇಚ್ಛೆ, ಮಾಜಿ ಪ್ರಧಾನಿ ಕೊನೊಯೆ ವಿಶೇಷ ದೂತರಾಗಿ ಬರುತ್ತಾರೆ, ಒಪ್ಪಿಗೆ ಪಡೆಯಿರಿ ಅಂತ. ಸಾತೊ ಮುಲಾಜಿಲ್ಲದ ಮನುಷ್ಯ. ಬರುವವರು ಏನು ಪ್ರಸ್ತಾಪ ತರುತ್ತಾರೆ ಅಂತಲೇ ಹೇಳದೆ ಒಪ್ಪಿಗೆ ಕೇಳಿದರೆ ರಷ್ಯನ್ನರು ಮೂಸಿಯೂ ನೋಡುವುದಿಲ್ಲ ಅನ್ನುವ ಧಾಟಿಯಲ್ಲಿ ಉತ್ತರ ಬರೆದರು. ಬೇಷರತ್ ಶರಣಾಗತಿ ಅಥವಾ ಅದಕ್ಕೆ ತೀರಾ ಹತ್ತಿರದ್ದೇ ನಮಗಿರುವ ದಾರಿ, ರಾಜಮನೆತನ ಉಳಿದರೆ ಸಾಕು ಅಂತಲೂ ಸೂಚಿಸಿದರು. ಜುಲೈ 21ರಂದು ತೋಗೊ ಕೊಟ್ಟ ಉತ್ತರ: ಬೇಷರತ್ ಶರಣಾಗತಿಗೆ ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಇದಿಷ್ಟೂ ಅಮೆರಿಕಕ್ಕೆ ಗೊತ್ತಿತ್ತು. ಜಪಾನಿನ ರಾಜತಾಂತ್ರಿಕ ಸಂಕೇತಗಳನ್ನು ಅವರು ಯುದ್ಧಕ್ಕೆ ಮುಂಚೆಯೇ ಭೇದಿಸಿದ್ದರು. ಟೋಕಿಯೊ-ಮಾಸ್ಕೋ ತಂತಿಗಳನ್ನು ವಾಷಿಂಗ್ಟನ್‌ನಲ್ಲಿ ಬಿಡಿಸಿ ಓದುತ್ತಿದ್ದರು. ಹಾಗಾಗಿ "ಜಪಾನ್ ಶಾಂತಿ ಕೇಳುತ್ತಿದ್ದದ್ದು ಗೊತ್ತಿದ್ದೂ ಬಾಂಬ್ ಹಾಕಿದರು" ಅನ್ನುವವರ ಮಾತು ಅರ್ಧ ನಿಜ. ಶಾಂತಿ ಕೇಳುತ್ತಿತ್ತು, ಹೌದು. ಆದರೆ ಕೇಳಿದ್ದು ರಷ್ಯಾದ ಹತ್ತಿರ. ಯುದ್ಧ ಮಾಡುತ್ತಿದ್ದ ಅಮೆರಿಕದ ಹತ್ತಿರವಲ್ಲ. ಯಾವ ಷರತ್ತಿನ ಮೇಲೆ ಅಂತಲೂ ಇಲ್ಲ. ಆ ಷರತ್ತನ್ನು ಬರೆದು ಕಳಿಸಿ ಅಂತ ಸಾತೊ ಅಷ್ಟು ಅಂಗಲಾಚಿದರೂ ಆರು ಜನ ಕೂತು ಒಂದು ಹಾಳೆ ಬರೆಯಲಾಗಲಿಲ್ಲ. ಬರೆಯಲು ಕೂತರೆ ಅನಾಮಿ ಕಡೆಯವರು ಎದ್ದು ಹೋಗುತ್ತಾರೆ ಅಂತ ತೋಗೊಗೆ ಗೊತ್ತಿತ್ತು. ಆ ತಂತಿಗಳಲ್ಲಿ ನನಗೆ ಕಾಣುವುದು ಶಾಂತಿ ಬೇಕು ಅನ್ನುವ ಒಬ್ಬ ಮಂತ್ರಿ. ಶರಣಾಗಲು ಒಪ್ಪಿದ ಸರ್ಕಾರ ಅಲ್ಲಿ ಕಾಣುವುದಿಲ್ಲ.

ಸ್ಟಾಲಿನ್ ಕಥೆ ಇನ್ನೂ ಚೆನ್ನಾಗಿದೆ. ಜರ್ಮನಿ ಸೋತ ಎರಡು-ಮೂರು ತಿಂಗಳೊಳಗೆ ಜಪಾನ್ ಮೇಲೆ ಯುದ್ಧಕ್ಕೆ ಇಳಿಯುತ್ತೇನೆ ಅಂತ ಅವರು ಫೆಬ್ರವರಿಯಲ್ಲೇ ಯಾಲ್ಟಾದಲ್ಲಿ ನಡೆದ ಮಿತ್ರರಾಷ್ಟ್ರಗಳ ನಾಯಕರ ಸಭೆಯಲ್ಲಿ ಮಾತು ಕೊಟ್ಟಾಗಿತ್ತು. ಜಪಾನ್ ಮಧ್ಯಸ್ತಿಕೆಗೆ ಕೈಮುಗಿಯುತ್ತಿದ್ದಾಗ ಅವರ ಸೈನ್ಯ ರೈಲು ಹತ್ತಿ, ಜಪಾನ್ ಹಿಡಿತದಲ್ಲಿದ್ದ ಈಶಾನ್ಯ ಚೀನಾದ ಮಂಚೂರಿಯಾದ ಗಡಿಗೆ ಹೋಗುತ್ತಿತ್ತು.

ಇನ್ನು ಅಮೆರಿಕದ ಕಡೆ ನೋಡೋಣ. ಶಾಲೆಯಲ್ಲಿ ಕಲಿಸುವ ಚಿತ್ರ ಏನು? ಅಧ್ಯಕ್ಷ ಟ್ರೂಮನ್ ಮೇಜಿನ ಮುಂದೆ ಕೂತಿದ್ದಾರೆ, ಒಂದು ಕೈಯಲ್ಲಿ ಬಾಂಬ್, ಇನ್ನೊಂದು ಕೈಯಲ್ಲಿ ಹತ್ತು ಲಕ್ಷ ಹೆಣ, ಯಾವುದು ಬೇಕು ಅಂತ ಯೋಚಿಸುತ್ತಿದ್ದಾರೆ. ದಾಖಲೆಗಳಲ್ಲಿ ಇಂಥದ್ದೊಂದು ಗಳಿಗೆ ಸಿಗುವುದಿಲ್ಲ. ಬಾಂಬ್ ತಯಾರಾದರೆ ಬಳಸುವುದು ಅನ್ನುವುದು ಮೊದಲಿಂದಲೂ ಇದ್ದ ಎಣಿಕೆ. ಮೇ ಕೊನೆಯಲ್ಲಿ ಕೂತ ಸಮಿತಿ ಹೇಗೆ, ಎಲ್ಲಿ ಹಾಕುವುದು ಅಂತ ಮಾತಾಡಿತು. ಹಾಕುವುದೋ ಬೇಡವೋ ಅನ್ನುವುದು ಅಲ್ಲಿ ದೊಡ್ಡ ಚರ್ಚೆ ಆಗಲೇ ಇಲ್ಲ. ಬಯಲಲ್ಲಿ ಒಂದು ಸಿಡಿಸಿ ತೋರಿಸಿದರೆ ಹೇಗೆ ಅಂತ ಕೆಲವು ವಿಜ್ಞಾನಿಗಳು ಕೇಳಿದರು. ಯುದ್ಧ ಮುಗಿಸಬಲ್ಲ ಅಂಥ ಪ್ರದರ್ಶನ ಯಾವುದೂ ತಮಗೆ ಹೊಳೆಯುತ್ತಿಲ್ಲ ಅಂತ ಒಪನ್‌ಹೈಮರ್, ಫರ್ಮಿ ಇದ್ದ ತಜ್ಞರ ತಂಡ ವರದಿ ಕೊಟ್ಟಿತು. ಅಲ್ಲಿಗೆ ಆ ಮಾತು ಮುಗಿಯಿತು.

ದಂಡೆತ್ತಿ ಹೋಗುವ ಯೋಜನೆ ಬಾಂಬ್‌ಗೆ ಬದಲಿಯಾಗಿ ಇರಲಿಲ್ಲ, ಪಕ್ಕದಲ್ಲೇ ಇತ್ತು. ನವೆಂಬರ್ 1ಕ್ಕೆ ಕ್ಯೂಶೂ, ಮುಂದಿನ ಮಾರ್ಚ್‌ಗೆ ಟೋಕಿಯೊ ಬಯಲು. ಟ್ರೂಮನ್ ಜೂನ್ 18ರ ಸಭೆಯಲ್ಲಿ ಕ್ಯೂಶೂ ಯೋಜನೆಗೆ ಒಪ್ಪಿಗೆ ಕೊಟ್ಟರು. ಹತ್ತು ಲಕ್ಷದ ಲೆಕ್ಕ ಆ ಸಭೆಯಲ್ಲಿ ಬರಲಿಲ್ಲ. ಅಲ್ಲಿ ಆಡಿದ ಅಂಕಿಗಳು ಅದಕ್ಕಿಂತ ಎಷ್ಟೋ ಕಡಿಮೆ. ಹತ್ತು ಲಕ್ಷ ಸಾವುನೋವು ಅನ್ನುವ ಮಾತು ಜನಪ್ರಿಯವಾದದ್ದು 1947ರಲ್ಲಿ, ಯುದ್ಧ ಸಚಿವರಾಗಿದ್ದ ಸ್ಟಿಮ್ಸನ್ ಒಂದು ಪತ್ರಿಕೆಗೆ ಬರೆದ ಲೇಖನದಿಂದ. ಅದೂ ಗಾಯಗೊಂಡವರನ್ನೂ ಸೇರಿಸಿದ ಲೆಕ್ಕ. ಹೇಳುತ್ತಾ ಹೇಳುತ್ತಾ ಅದು "ಹತ್ತು ಲಕ್ಷ ಸಾವು" ಆಯಿತು, ನಮ್ಮ ಪಠ್ಯಪುಸ್ತಕದವರೆಗೂ ಬಂತು.

ಹಾಗಂತ ದಂಡಯಾತ್ರೆ ಸುಲಭವಾಗುತ್ತಿತ್ತು ಅಂತ ಅಲ್ಲ. ಜೂನ್‌ನಲ್ಲಿ ಕ್ಯೂಶೂದಲ್ಲಿ ಸುಮಾರು ಮೂರೂವರೆ ಲಕ್ಷ ಜಪಾನಿ ಸೈನಿಕರು ಇರುತ್ತಾರೆ ಅಂತ ಅಮೆರಿಕ ಎಣಿಸಿತ್ತು. ಆಗಸ್ಟ್ ಹೊತ್ತಿಗೆ ಗುಪ್ತಚರರ ಅಂದಾಜು ಐದೂವರೆ ಲಕ್ಷ ಮುಟ್ಟಿತು. ನಿಜವಾಗಿ ಅಲ್ಲಿದ್ದವರು ಅದಕ್ಕಿಂತಲೂ ಜಾಸ್ತಿ. ಎಲ್ಲಿ ಇಳಿಯುತ್ತಾರೆ ಅಂತ ಜಪಾನ್ ಸರಿಯಾಗಿಯೇ ಊಹಿಸಿತ್ತು. ಈ ಸುದ್ದಿ ನೋಡಿ ಅಮೆರಿಕದ ನೌಕಾಪಡೆಗೇ ಈ ಯೋಜನೆಯ ಮೇಲೆ ನಂಬಿಕೆ ಹೋಗಿತ್ತು. ಕ್ಯೂಶೂ ದಂಡಯಾತ್ರೆ ನಡೆಯುತ್ತಲೇ ಇರಲಿಲ್ಲವೇನೋ ಅನ್ನುವಷ್ಟು.

ಅಮೆರಿಕ ಒಂದು ದಾರಿಯನ್ನು ಪ್ರಯತ್ನಿಸಿ ನೋಡಲಿಲ್ಲ. ನನ್ನ ಪ್ರಕಾರ ಇಡೀ ವಾದದಲ್ಲಿ ಅವರ ವಿರುದ್ಧ ಇರುವ ಅತ್ಯಂತ ಗಟ್ಟಿ ಅಂಶ ಇದೇ. ಚಕ್ರವರ್ತಿಯನ್ನು ಉಳಿಸುತ್ತೇವೆ ಅಂತ ಒಂದು ಮಾತು ಹೇಳಬಹುದಿತ್ತು. ಹತ್ತು ವರ್ಷ ಟೋಕಿಯೊದಲ್ಲಿ ರಾಯಭಾರಿಯಾಗಿದ್ದ ಜೋಸೆಫ್ ಗ್ರೂ ಮೇ ತಿಂಗಳಲ್ಲೇ ಇದನ್ನು ಟ್ರೂಮನ್‌ಗೆ ಹೇಳಿದ್ದರು. ಸ್ಟಿಮ್ಸನ್ ಜುಲೈ 2ರಂದು ಕೊಟ್ಟ ಕರಡಿನಲ್ಲಿ, ಈಗಿನ ರಾಜವಂಶದ ಕೆಳಗೇ ಸಾಂವಿಧಾನಿಕ ರಾಜಪ್ರಭುತ್ವ ಇರಬಹುದು ಅನ್ನುವ ಸಾಲಿತ್ತು. ಜುಲೈ 26ರಂದು, ಶರಣಾಗಿ ಅಂತ ಜಪಾನಿಗೆ ಮಿತ್ರರಾಷ್ಟ್ರಗಳು ಕೊಟ್ಟ ಎಚ್ಚರಿಕೆಯಾದ ಪಾಟ್ಸ್‌ಡ್ಯಾಮ್ ಘೋಷಣೆ ಹೊರಬಿದ್ದಾಗ ಆ ಸಾಲು ಮಾಯವಾಗಿತ್ತು. ಹೊಸ ವಿದೇಶಾಂಗ ಸಚಿವ ಬರ್ನ್ಸ್ ಅವರಿಗೆ ಅದು ಇಷ್ಟವಿರಲಿಲ್ಲ. ಅಮೆರಿಕದ ಜನರ ಸಿಟ್ಟೂ ಕಾರಣ. ಆ ಜೂನ್‌ನ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರು ಚಕ್ರವರ್ತಿಗೆ ಮರಣದಂಡನೆ ಆಗಲಿ ಅಂದಿದ್ದರು. ಕೊನೆಗೆ ಆದದ್ದೇನು? ಶರಣಾದ ಮೇಲೆ ಅದೇ ಚಕ್ರವರ್ತಿಯನ್ನು ಅಮೆರಿಕ ಗದ್ದುಗೆಯಲ್ಲೇ ಉಳಿಸಿತು. ಆಮೇಲೆ ಕೊಡುವುದನ್ನು ಮೊದಲೇ ಕೊಡಬಹುದಿತ್ತು, ಅಲ್ವಾ?

ಅದೊಂದರಿಂದಲೇ ಶರಣಾಗತಿ ಆಗಿಬಿಡುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅನಾಮಿ ಕಡೆಯ ಮೂವರಿಗೆ ಚಕ್ರವರ್ತಿ ಉಳಿದರೆ ಸಾಕಾಗುತ್ತಿರಲಿಲ್ಲ, ಅದನ್ನು ಮುಂದೆ ನೋಡುತ್ತೀರಿ. ಆದರೆ ತೋಗೊ ಕೈಗೆ ಅದೊಂದು ಗಟ್ಟಿ ಆಯುಧ ಆಗುತ್ತಿತ್ತು.

ರಷ್ಯಾವನ್ನು ಹೆದರಿಸುವ ವಿಷಯಕ್ಕೆ ಬರುತ್ತೇನೆ. 1960ರ ದಶಕದಲ್ಲಿ ಅಮೆರಿಕದ ಇತಿಹಾಸಕಾರ ಗಾರ್ ಆಲ್ಪೆರೊವಿಟ್ಸ್ ಈ ವಾದಕ್ಕೆ ಬಲ ಕೊಟ್ಟರು. ಬರ್ನ್ಸ್ ತಲೆಯಲ್ಲಿ ರಷ್ಯಾ ಇತ್ತು ಅನ್ನುವುದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. ಟ್ರೂಮನ್ ಜುಲೈ 17ರಂದು ಸ್ಟಾಲಿನ್‌ರನ್ನು ಭೇಟಿಯಾಗಿ ಬಂದು, ರಷ್ಯಾ ಆಗಸ್ಟ್ 15ಕ್ಕೆ ಯುದ್ಧಕ್ಕೆ ಇಳಿಯುತ್ತದೆ, ಆಗ ಜಪಾನ್ ಕಥೆ ಮುಗೀತು ಅನ್ನುವ ಅರ್ಥದಲ್ಲಿ ಡೈರಿಯಲ್ಲಿ ಬರೆದುಕೊಂಡರು. ಮರುದಿನ, ರಷ್ಯಾ ಬರುವ ಮುಂಚೆಯೇ ಜಪಾನ್ ಕುಸಿಯುತ್ತದೆ ಅಂತ ಬರೆದರು. ಮಧ್ಯೆ ನ್ಯೂ ಮೆಕ್ಸಿಕೊದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಯ ಬಗ್ಗೆ ಇನ್ನಷ್ಟು ಸುದ್ದಿ ಬಂದಿತ್ತು. ರಷ್ಯಾವನ್ನು ದೂರ ಇಟ್ಟರೆ ಲಾಭ ಅನ್ನುವುದು ಅವರಿಗೆ ಕಂಡಿತ್ತು. ಆದರೆ ಅದು ಹೆಚ್ಚುವರಿ ಲಾಭ. ರಷ್ಯಾ ಇಲ್ಲದಿದ್ದರೂ ಬಾಂಬ್ ಬೀಳುತ್ತಿತ್ತು ಅಂತಲೇ ನನ್ನ ಅಂದಾಜು. ಸುಮಾರು 200 ಕೋಟಿ ಡಾಲರ್ ಸುರಿದು ಮಾಡಿದ ಆಯುಧವನ್ನು ಯುದ್ಧ ನಡೆಯುತ್ತಿರುವಾಗ ಗೋದಾಮಿನಲ್ಲಿ ಇಡುವ ಸರ್ಕಾರ 1945ರಲ್ಲಿ ಎಲ್ಲೂ ಇರಲಿಲ್ಲ.

ಪಾಟ್ಸ್‌ಡ್ಯಾಮ್ ಘೋಷಣೆಯನ್ನು ಕಡೆಗಣಿಸುತ್ತೇವೆ ಅಂತ ಸುಝುಕಿ ಜುಲೈ 28ರಂದು ಪತ್ರಕರ್ತರಿಗೆ ಹೇಳಿದರು. ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಶಿಮಾ. ಆ ವರ್ಷದ ಕೊನೆಯೊಳಗೆ ಅಲ್ಲಿ ಸತ್ತವರು ಸುಮಾರು 1,40,000.

ಇಲ್ಲಿಂದ ಮುಂದಿನ ನಾಲ್ಕು ದಿನ ಬಹಳ ಮುಖ್ಯ. ಇತಿಹಾಸಕಾರರು ಇವನ್ನು ಗಂಟೆ ಗಂಟೆಗೆ ಬಿಡಿಸಿ ನೋಡುತ್ತಾರೆ.

ಆಗಸ್ಟ್ 7ರಂದು ಟ್ರೂಮನ್ ಹೇಳಿಕೆ ರೇಡಿಯೊ ಮೂಲಕ ಟೋಕಿಯೊಗೆ ಗೊತ್ತಾಯಿತು. ಇದು ಅಣುಬಾಂಬ್ ಅಂತ ಸೇನೆ ಒಪ್ಪಲಿಲ್ಲ. ಜಪಾನಿನಲ್ಲೂ ಅಣುಬಾಂಬ್ ಸಂಶೋಧನೆ ಸಣ್ಣದಾಗಿ ನಡೆದಿತ್ತು, ಅದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಿತ್ತು. ಭೌತವಿಜ್ಞಾನಿ ನಿಶಿನಾ ಅವರನ್ನು ಹಿರೋಶಿಮಾಕ್ಕೆ ಕಳಿಸಿದರು. ನೋಡಿದವರು ಹೌದು, ಇದು ಅದೇ ಅಂದರು. ಆಗಸ್ಟ್ 8ರಂದು ತೋಗೊ ಅರಮನೆಗೆ ಹೋದರು. ಇನ್ನು ತಡ ಮಾಡಬೇಡಿ, ಯುದ್ಧ ಮುಗಿಸಿ ಅಂತ ಚಕ್ರವರ್ತಿ ಹೇಳಿದರು. ಆರು ಜನರ ಸಭೆ ಕರೆಯಲು ಹೊರಟರು. ಒಬ್ಬರಿಗೆ ಅವತ್ತು ಬಿಡುವಿಲ್ಲ ಅಂತ ಸಭೆ ಮರುದಿನಕ್ಕೆ ಹೋಯಿತು! ಒಂದು ಊರು ಬೂದಿಯಾಗಿ ಎರಡು ದಿನ ಆಗಿದೆ, ಇವರಿಗೆ ಬಿಡುವಿಲ್ಲ.

ಅದೇ ದಿನ ಸಂಜೆ ಮಾಸ್ಕೋದಲ್ಲಿ ವಿದೇಶಾಂಗ ಸಚಿವ ಮೊಲೊಟೊವ್ ಸಾತೊ ಅವರನ್ನು ಕರೆಸಿದರು. ಮಧ್ಯಸ್ತಿಕೆಗೆ ಉತ್ತರ ಸಿಗುತ್ತದೆ ಅಂತ ಹೋದ ಸಾತೊಗೆ ಸಿಕ್ಕಿದ್ದು ಯುದ್ಧ ಘೋಷಣೆ. ಒಂದೆರಡು ಗಂಟೆಯಲ್ಲೇ, ಮಂಚೂರಿಯಾದಲ್ಲಿ ಆಗಸ್ಟ್ 9 ಹುಟ್ಟುವ ಹೊತ್ತಿಗೆ, ಸುಮಾರು 15 ಲಕ್ಷ ಸೋವಿಯತ್ ಸೈನಿಕರು ಅದರ ಮೇಲೆ ಬಿದ್ದರು. ಸುದ್ದಿ ಬೆಳಗಿನ ಜಾವ ಟೋಕಿಯೊ ತಲುಪಿತು. ಸುಮಾರು ಹತ್ತೂವರೆಗೆ ಆರು ಜನ ಸೇರಿದರು. ಚರ್ಚೆ ನಡೆಯುತ್ತಿರುವಾಗಲೇ ನಾಗಾಸಾಕಿಯ ಮೇಲೂ ಬಾಂಬ್ ಬಿತ್ತು ಅನ್ನುವ ಸುದ್ದಿ ಒಳಗೆ ಬಂತು.

ಎರಡು ಬಾಂಬ್, ರಷ್ಯಾದ ದಾಳಿ, ಮೂರೂ ಗೊತ್ತಾದ ಮೇಲೆ ಆರು ಜನ ಏನಂದರು? ಮೂರು-ಮೂರು. ಚಕ್ರವರ್ತಿ ಪೀಠ ಉಳಿದರೆ ಸಾಕು, ಪಾಟ್ಸ್‌ಡ್ಯಾಮ್ ಒಪ್ಪೋಣ ಅಂದವರು ತೋಗೊ, ಯೊನಾಯ್, ಸುಝುಕಿ. ಅನಾಮಿ, ಉಮೆಝು, ತೊಯೊದಾ ಇನ್ನೂ ಮೂರು ಷರತ್ತು ಸೇರಿಸಿದರು: ಪರಕೀಯ ಸೇನೆ ಜಪಾನಿನಲ್ಲಿ ಬೀಡುಬಿಡಬಾರದು, ಆಯುಧ ನಾವೇ ಕೆಳಗಿಡುತ್ತೇವೆ, ಯುದ್ಧಾಪರಾಧಿಗಳ ವಿಚಾರಣೆ ನಾವೇ ಮಾಡಿಕೊಳ್ಳುತ್ತೇವೆ. ಕಳ್ಳನೇ ನ್ಯಾಯಾಧೀಶ ಅನ್ನುವ ಈ ಷರತ್ತನ್ನು ಅಮೆರಿಕ ಒಪ್ಪುವ ಮಾತೇ ಇರಲಿಲ್ಲ. "ಜಪಾನ್ ಮೊದಲೇ ತಯಾರಿತ್ತು" ಅನ್ನುವವರು ಈ ಮೂರು-ಮೂರನ್ನು ದಾಟಿ ಬರಬೇಕು.

ಸಂಪುಟ ಸಭೆಯೂ ಒಡೆಯಿತು. ಕೊನೆಗೆ ಸುಝುಕಿ ಪದ್ಧತಿ ಮುರಿದರು. ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಅರಮನೆಯ ನೆಲದಡಿಯ ಕೋಣೆಯಲ್ಲಿ ಚಕ್ರವರ್ತಿಯ ಎದುರು ಸಭೆ ಸೇರಿತು. ನಮ್ಮಲ್ಲಿ ಒಮ್ಮತವಿಲ್ಲ, ತಾವೇ ಹೇಳಬೇಕು ಅಂತ ಸುಝುಕಿ ಕೇಳಿಕೊಂಡರು. ಹಿರೊಹಿತೊ ತೋಗೊ ಪರ ನಿಂತರು. ಸೇನೆ ಹೇಳುವುದಕ್ಕೂ ಮಾಡುವುದಕ್ಕೂ ತಾಳಮೇಳ ಇಲ್ಲ, ಟೋಕಿಯೊ ಬಳಿಯ ಕುಜುಕುರಿ ಕಡಲತೀರದ ರಕ್ಷಣೆ ಇನ್ನೂ ತಯಾರೇ ಆಗಿಲ್ಲ ಅಂತ ಹೇಳಿದರು. ಆಗ ಆಗಸ್ಟ್ 10ರ ರಾತ್ರಿ ಎರಡು ಗಂಟೆ.

ಹಾಗಾದರೆ ಯಾವುದು ಕೆಲಸ ಮಾಡಿತು? ಜ್ವರಕ್ಕೆ ಎರಡು ಮಾತ್ರೆ ಒಟ್ಟಿಗೆ ನುಂಗಿದವನನ್ನು ಯಾವುದರಿಂದ ಇಳಿಯಿತು ಅಂತ ಕೇಳಿದ ಹಾಗೆ ಇದು.

ರಷ್ಯಾವೇ ಕಾರಣ ಅನ್ನುವವರ ವಾದ ಚೆನ್ನಾಗಿದೆ. ಇತಿಹಾಸಕಾರ ತ್ಸುಯೊಶಿ ಹಸೆಗಾವಾ ಇದನ್ನು ಬಲವಾಗಿ ಮಂಡಿಸಿದವರು. ಊರುಗಳು ಸುಡುವುದು ಜಪಾನಿನ ಸೇನೆಗೆ ಹೊಸದಲ್ಲ, ಟೋಕಿಯೊ ಸುಟ್ಟಾಗಲೇ ಅವರು ಜಗ್ಗಲಿಲ್ಲ. ಆದರೆ ರಷ್ಯಾ ಬಂದ ತಕ್ಷಣ ಎರಡು ಆಸೆಗಳು ಒಟ್ಟಿಗೆ ಸತ್ತವು. ಸಂಧಿ ಮಾಡಿಸುವ ಮಧ್ಯಸ್ಥನೇ ಶತ್ರುವಾದ. ಕ್ಯೂಶೂದಲ್ಲಿ ಒಂದೇ ಕಡೆ ನಿಂತು ಹೊಡೆಯುವ ಯೋಜನೆಯೂ ಕೆಟ್ಟಿತು, ಯಾಕೆಂದರೆ ಈಗ ಉತ್ತರದಿಂದಲೂ ಶತ್ರು. ಮೇಲಾಗಿ ಕಮ್ಯುನಿಸ್ಟರು ಒಳಗೆ ಬಂದರೆ ರಾಜಪೀಠಕ್ಕೆ ಉಳಿಗಾಲವಿಲ್ಲ ಅನ್ನುವ ಭಯ. ಅಮೆರಿಕಕ್ಕೆ ಬೇಗ ಶರಣಾಗುವುದೇ ವಾಸಿ ಅನ್ನಿಸಿತು.

ಬಾಂಬ್ ಕಾರಣ ಅನ್ನುವವರ ಹತ್ತಿರವೂ ಸಾಕ್ಷಿ ಇದೆ. ಯುದ್ಧ ಮುಗಿಸಿ ಅಂತ ಚಕ್ರವರ್ತಿ ತೋಗೊಗೆ ಹೇಳಿದ್ದು ಆಗಸ್ಟ್ 8ರಂದು, ರಷ್ಯಾದ ಸುದ್ದಿ ಬರುವ ಮುಂಚೆ. ಇನ್ನೊಂದು, ಬಾಂಬ್ ಇದ್ದರೆ ಅಮೆರಿಕ ದಡಕ್ಕೆ ಇಳಿಯಬೇಕಾಗಿಯೇ ಇಲ್ಲ. ಇಳಿಯದವರ ರಕ್ತ ಹರಿಸುವುದು ಹೇಗೆ? ಸೇನೆಯ ಯೋಜನೆಗೆ ಅದೂ ದೊಡ್ಡ ಪೆಟ್ಟು.

ಈ ಜಗಳದ ತಮಾಷೆ ನೋಡಿ. ಆಗಸ್ಟ್ 15ರಂದು ಮಧ್ಯಾಹ್ನ ಪ್ರಸಾರವಾದ ಚಕ್ರವರ್ತಿಯ ಮಾತಿನಲ್ಲಿ ಶತ್ರುವಿನ ಹೊಸ ಕ್ರೂರ ಬಾಂಬ್ ಬಗ್ಗೆ ಇದೆ, ರಷ್ಯಾದ ಹೆಸರಿಲ್ಲ. ಎರಡು ದಿನ ಬಿಟ್ಟು ಸೈನಿಕರಿಗೆ ಹೊರಡಿಸಿದ ಆದೇಶದಲ್ಲಿ ರಷ್ಯಾ ಯುದ್ಧಕ್ಕೆ ಇಳಿದದ್ದು ಇದೆ, ಬಾಂಬ್ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರಣ! ಯೊನಾಯ್ ಆಗಸ್ಟ್ 12ರಂದು ಆಪ್ತರೊಬ್ಬರ ಹತ್ತಿರ ಆಡಿದ ಮಾತು ನನಗೆ ಹೆಚ್ಚು ಹತ್ತಿರದ್ದು ಅನ್ನಿಸುತ್ತದೆ. ಅಣುಬಾಂಬ್ ಮತ್ತು ರಷ್ಯಾದ ಪ್ರವೇಶ ಎರಡೂ ಒಂದು ರೀತಿಯಲ್ಲಿ ದೇವರು ಕೊಟ್ಟ ವರ ಅಂದರು ಅವರು. ದೇಶದೊಳಗಿನ ಪರಿಸ್ಥಿತಿ ಕೈಮೀರಿದ್ದರಿಂದ ಯುದ್ಧ ನಿಲ್ಲಿಸುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲವಲ್ಲ ಅನ್ನುವುದು ಅವರ ಸಮಾಧಾನ. ಬಾಂಬ್ ಮುಖ ಉಳಿಸಿಕೊಳ್ಳಲು ಒಂದು ನೆಪ ಕೊಟ್ಟಿತು. ನಾವು ಯುದ್ಧದಲ್ಲಿ ಸೋತಿಲ್ಲ, ವಿಜ್ಞಾನದಲ್ಲಿ ಸೋತೆವು ಅಂತ ಸೇನೆ ಹೇಳಿಕೊಳ್ಳಬಹುದಿತ್ತು.

ಆ ನೆಪವೂ ಎಲ್ಲರಿಗೆ ಸಾಕಾಗಲಿಲ್ಲ. ಆಗಸ್ಟ್ 14ರ ರಾತ್ರಿ ಕೆಲವು ಕಿರಿಯ ಅಧಿಕಾರಿಗಳು ಅರಮನೆಗೆ ನುಗ್ಗಿದರು. ರಾಜರಕ್ಷಕ ಪಡೆಯ ದಂಡನಾಯಕನನ್ನೇ ಕೊಂದು, ಚಕ್ರವರ್ತಿಯ ಭಾಷಣ ಮುದ್ರಿಸಿದ ಗ್ರಾಮಫೋನ್ ಪ್ಲೇಟುಗಳಿಗಾಗಿ ರಾತ್ರಿಯೆಲ್ಲ ಹುಡುಕಿದರು. ಸಿಗಲಿಲ್ಲ. ಅನಾಮಿ ದಂಗೆಗೆ ಸೇರಲಿಲ್ಲ, ಬೆಳಗಿನ ಜಾವ ಹೊಟ್ಟೆ ಬಗೆದುಕೊಂಡು ಸತ್ತರು. ಎರಡು ಬಾಂಬ್, ರಷ್ಯಾ, ಚಕ್ರವರ್ತಿಯ ಬಾಯಿಮಾತು ಇಷ್ಟೆಲ್ಲ ಆದ ಮೇಲೂ ಇಂಥ ಪರಿಸ್ಥಿತಿ. ಇದನ್ನು ನೋಡಿದರೆ ಏನೂ ಆಗದೆಯೇ ಆಗಸ್ಟ್‌ನಲ್ಲಿ ಶರಣಾಗುತ್ತಿದ್ದರು ಅನ್ನುವುದು ನನಗೆ ಕಷ್ಟ.

ಬಾಂಬ್ ಬೀಳದೆ ರಷ್ಯಾ ಮಾತ್ರ ಬಂದಿದ್ದರೆ? ನನ್ನ ಊಹೆ, ಕೆಲವು ವಾರ ಅಥವಾ ಒಂದೆರಡು ತಿಂಗಳು ಎಳೆದಾಡಿ, ನವೆಂಬರ್‌ಗೆ ಮುಂಚೆ ಶರಣಾಗುತ್ತಿದ್ದರು. ಅಮೆರಿಕವೇ ಯುದ್ಧದ ನಂತರ ನಡೆಸಿದ ಬಾಂಬ್ ದಾಳಿಗಳ ಸಮೀಕ್ಷೆ 1946ರಲ್ಲಿ ಇನ್ನೂ ಮುಂದೆ ಹೋಯಿತು. ಬಾಂಬ್ ಇಲ್ಲದಿದ್ದರೂ, ರಷ್ಯಾ ಬಾರದಿದ್ದರೂ ಡಿಸೆಂಬರ್ 31ರೊಳಗೆ ಖಂಡಿತ, ನವೆಂಬರ್ 1ರೊಳಗೆ ಬಹುತೇಕ, ಜಪಾನ್ ಶರಣಾಗುತ್ತಿತ್ತು ಅಂದಿತು. ಈ ಮಾತನ್ನು ಬಾಂಬ್ ವಿರೋಧಿಗಳು ತುಂಬ ಬಳಸುತ್ತಾರೆ. ಅಷ್ಟು ಖಚಿತವಾಗಿ ಹೇಳಲು ಸಮೀಕ್ಷೆಯ ಬಳಿ ಇದ್ದ ಸಾಕ್ಷಿ ಸಾಲದು ಅಂತ ಮುಂದಿನ ಸಂಶೋಧಕರು ತೋರಿಸಿದ್ದಾರೆ. ಜಪಾನಿ ಅಧಿಕಾರಿಗಳ ಹೇಳಿಕೆಗಳಲ್ಲಿ ಹಲವು, ಇಲ್ಲ, ಹೋರಾಡುತ್ತಲೇ ಇರುತ್ತಿದ್ದೆವು ಅನ್ನುತ್ತವೆ.

ಆ ಒಂದೆರಡು ತಿಂಗಳು ಬಿಟ್ಟಿಯಾಗಿ ಸಿಗುತ್ತಿರಲಿಲ್ಲ ಅನ್ನುವುದನ್ನೂ ಮರೆಯಬಾರದು. ಊರು ಸುಡುವುದು ನಡೆದೇ ಇರುತ್ತಿತ್ತು. ರೈಲು ದಾರಿಗಳನ್ನು ಒಡೆಯುವುದು ಅಮೆರಿಕದ ಮುಂದಿನ ಯೋಜನೆಯಾಗಿತ್ತು. ಆ ವರ್ಷ ಭತ್ತದ ಬೆಳೆ ಬೇರೆ ಕೈಕೊಟ್ಟಿತ್ತು. ರೈಲು ನಿಂತರೆ ನಗರಗಳಿಗೆ ಅಕ್ಕಿ ಹೋಗುತ್ತಿರಲಿಲ್ಲ. ಜಪಾನಿನ ಹೊರಗೆ ಚೀನಾ, ವಿಯೆಟ್ನಾಂ, ಜಾವಾದಲ್ಲಿ ಅವರ ಆಡಳಿತದ ಕೆಳಗೆ ಜನ ದಿನವೂ ಸಾಯುತ್ತಿದ್ದರು. ಅಮೆರಿಕ-ಜಪಾನ್ ಅಂತ ಇಬ್ಬರನ್ನೇ ತಕ್ಕಡಿಯಲ್ಲಿಟ್ಟು ತೂಗುವವರು ಇವರನ್ನು ಎಣಿಸುವುದೇ ಇಲ್ಲ. ನಮ್ಮವರೂ ಆ ಲೆಕ್ಕದಲ್ಲಿದ್ದಾರೆ. ಅಂಡಮಾನ್ ಆಗ ಇನ್ನೂ ಜಪಾನಿನ ಕೈಯಲ್ಲಿತ್ತು. 1942ರಲ್ಲಿ ಸಿಂಗಾಪುರ ಬಿದ್ದಾಗ ಸೆರೆಸಿಕ್ಕ ಭಾರತೀಯ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಇತ್ತು. ಸೆಪ್ಟೆಂಬರ್‌ನಲ್ಲಿ ಮಲಯದ ಕಡಲತೀರದಲ್ಲಿ ಇಳಿಯಲು ಭಾರತೀಯ ಡಿವಿಷನ್‌ಗಳು ತಯಾರಾಗುತ್ತಿದ್ದವು. ಯುದ್ಧ ಮುಗಿದ ಮೇಲೆ ಅವರು ಕದನವಿಲ್ಲದೆ ಇಳಿದರು.

ಇದರಿಂದ ಹಿರೋಶಿಮಾ ಸರಿಯಾಯಿತು ಅಂತ ಆಗುವುದಿಲ್ಲ. ಊರಿನ ನಟ್ಟನಡುವಿನ ಸೇತುವೆಯೊಂದನ್ನು ಗುರಿಯಿಟ್ಟು ಹಾಕಿದ ಬಾಂಬ್ ಅದು. ಅಲ್ಲಿ ಸೇನೆಯ ಕೇಂದ್ರ ಕಚೇರಿ ಇತ್ತು, ನಿಜ. ಆದರೆ ಸತ್ತವರಲ್ಲಿ ಹೆಚ್ಚಿನವರು ಊರಿನವರು. ಮಹಿಳೆಯರು, ಮಕ್ಕಳು ಗುರಿಯಲ್ಲ ಅಂತ ಟ್ರೂಮನ್ ಜುಲೈ 25ರ ಡೈರಿಯಲ್ಲಿ ಬರೆದುಕೊಂಡದ್ದನ್ನು ಓದಿದರೆ, ಅವರು ತಮಗೆ ತಾವೇ ಸುಳ್ಳು ಹೇಳಿಕೊಂಡರೋ, ನಿಜಕ್ಕೂ ಗೊತ್ತಿರಲಿಲ್ಲವೋ ಅನ್ನುವ ಅನುಮಾನ ಬರುತ್ತದೆ. ಯುದ್ಧ ಬೇಗ ಮುಗಿಯಲು ಅದು ಕಾರಣವಾಯಿತೇ ಅನ್ನುವುದಕ್ಕೆ ಸಾಕ್ಷಿ ನೋಡಿ ಉತ್ತರ ಕೊಡಬಹುದು. ಹಾಗೆ ಮಾಡಬಹುದಿತ್ತೇ ಅನ್ನುವುದಕ್ಕೆ ದಾಖಲೆಗಳಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮ ಪ್ರಶ್ನೆ ಮೊದಲನೆಯದು, ಹಾಗಾಗಿ ಅಲ್ಲಿಗೇ ನಿಲ್ಲುತ್ತೇನೆ.

ಇನ್ನು ಎರಡನೇ ಬಾಂಬ್. ಮೂರು ದಿನ ಕಾದು, ಉತ್ತರ ಬರಲಿಲ್ಲ ಅಂತ ಎರಡನೆಯದು ಹಾಕಿದರು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನೂ ಆಗಿಲ್ಲ. ಜುಲೈ 25ರಂದು ವಾಯುಪಡೆಗೆ ಹೋದ ಲಿಖಿತ ಆದೇಶ ಒಂದೇ. ಆಗಸ್ಟ್ 3ರ ನಂತರ ಹವಾಮಾನ ನೋಡಿಕೊಂಡು ಹಿರೋಶಿಮಾ, ಕೊಕುರಾ, ನೀಗಾತಾ, ನಾಗಾಸಾಕಿ ಈ ನಾಲ್ಕರಲ್ಲಿ ಒಂದರ ಮೇಲೆ ಮೊದಲನೆಯದನ್ನು ಹಾಕಿ, ಮುಂದಿನವು ತಯಾರಾದ ಹಾಗೆ ಹಾಕುತ್ತಾ ಹೋಗಿ. ಎರಡನೆಯದಕ್ಕೆ ಟ್ರೂಮನ್ ಬೇರೆ ಆದೇಶ ಕೊಡಲೇ ಇಲ್ಲ. ಮೊದಲು ಅದು ಆಗಸ್ಟ್ 11ಕ್ಕೆ ನಿಗದಿಯಾಗಿತ್ತು. ಮೋಡ ಕವಿಯುತ್ತದೆ ಅನ್ನುವ ಮುನ್ಸೂಚನೆ ಬಂತು, ಬಾಂಬ್ ವಿಮಾನಗಳ ನೆಲೆಯಾಗಿದ್ದ ಟಿನಿಯನ್ ದ್ವೀಪದಲ್ಲಿದ್ದವರು ಎರಡು ದಿನ ಮುಂಚೆಯೇ ಹೊರಟರು. ಗುರಿ ಕೊಕುರಾ. ಅಲ್ಲಿ ಮಬ್ಬು ಕವಿದು ಗುರಿ ಕಾಣಲಿಲ್ಲ. ವಿಮಾನ ಮೂರು ಸಲ ಹಾದು ನೋಡಿ ನಾಗಾಸಾಕಿಗೆ ತಿರುಗಿತು. 11.02ಕ್ಕೆ ಬಿದ್ದ ಬಾಂಬ್‌ನಿಂದ ವರ್ಷದ ಕೊನೆಯೊಳಗೆ ಸುಮಾರು 70,000 ಜನ ಸತ್ತರು.

ಆ ಹೊತ್ತಿಗೆ ಟೋಕಿಯೊದಲ್ಲಿ ಸಭೆ ಶುರುವಾಗಿ ಅರ್ಧ ಗಂಟೆ ಆಗಿತ್ತು. ಚಕ್ರವರ್ತಿ ಮನಸ್ಸು ಮಾಡಿಯಾಗಿತ್ತು, ರಷ್ಯಾದ ಸುದ್ದಿ ಬಂದಿತ್ತು. ನಾಗಾಸಾಕಿಯ ಸುದ್ದಿ ಬಂದ ಮೇಲೂ ಮೂರು-ಮೂರು ಹಾಗೇ ಇತ್ತು, ಯಾರೂ ಪಕ್ಷ ಬದಲಿಸಲಿಲ್ಲ. ಅಮೆರಿಕದ ಹತ್ತಿರ ಇಂಥವು ಜಾಸ್ತಿ ಇರಲಾರವು ಅನ್ನುವ ವಾದಕ್ಕೆ ಅದು ಏಟು ಕೊಟ್ಟಿತು ಅಂತ ಸಮರ್ಥಿಸುವವರು ಇದ್ದಾರೆ. ಅದು ಪೂರ್ತಿ ತಳ್ಳಿಹಾಕುವ ಮಾತಲ್ಲ. ಅವತ್ತೇ ಅನಾಮಿ, ಅಮೆರಿಕದ ಹತ್ತಿರ ನೂರು ಬಾಂಬ್ ಇರಬಹುದು ಅಂತ ಸಹೋದ್ಯೋಗಿಗಳಿಗೆ ಹೇಳಿದರು. ಆ ನೂರರ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಸೆರೆಸಿಕ್ಕ ಅಮೆರಿಕನ್ ಪೈಲಟ್ ಒಬ್ಬ ಹೊಡೆತ ತಾಳಲಾರದೆ ಬಾಯಿಗೆ ಬಂದ ಅಂಕಿ ಹೇಳಿದ್ದ. ಹಾಗೆ ಹೇಳಿದ ಅನಾಮಿಯೇ ಶರಣಾಗಲು ಒಪ್ಪಲಿಲ್ಲ.

ಆಗಸ್ಟ್ 10ರಂದು ಟ್ರೂಮನ್ ಕೈಗೆ ಎರಡು ವಿಷಯ ಬಂದವು. ಒಂದು, ಚಕ್ರವರ್ತಿಯ ಅಧಿಕಾರಕ್ಕೆ ಧಕ್ಕೆ ಬರಬಾರದು ಅನ್ನುವ ಷರತ್ತಿನ ಜತೆ ಜಪಾನಿನ ಒಪ್ಪಿಗೆ. ಇನ್ನೊಂದು, ಮೂರನೇ ಬಾಂಬ್ ಆಗಸ್ಟ್ 17-18ರ ಹೊತ್ತಿಗೆ ಸಿದ್ಧ ಅನ್ನುವ ಟಿಪ್ಪಣಿ. ಇನ್ನು ನನ್ನ ಸ್ಪಷ್ಟ ಅನುಮತಿ ಇಲ್ಲದೆ ಒಂದೂ ಹಾಕಬೇಡಿ ಅಂತ ಅವರು ಆದೇಶಿಸಿದರು. ಇನ್ನೊಂದು ಲಕ್ಷ ಜನರನ್ನು ಅಳಿಸಿಹಾಕುವ ಯೋಚನೆಯೇ ಭಯಂಕರ ಅಂತ ಸಂಪುಟದಲ್ಲಿ ಹೇಳಿದ್ದನ್ನು ಸಚಿವ ಹೆನ್ರಿ ವಾಲೆಸ್ ಡೈರಿಯಲ್ಲಿ ಬರೆದಿದ್ದಾರೆ. ಇದೇ ಆದೇಶವನ್ನು ಹಿರೋಶಿಮಾದ ಮರುದಿನ ಕೊಟ್ಟು, ಒಂದು ವಾರ ಕಾದು ನೋಡಿದ್ದರೆ ಯುದ್ಧ ಒಂದು ದಿನವೂ ತಡವಾಗಿ ಮುಗಿಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ನಾಗಾಸಾಕಿ ಉಳಿಯುತ್ತಿತ್ತು.